ದೊಡ್ಡಮನೆ ತೋರಿಸುವವಳು

"ನಾನ್ ಇಳಿಯಾಕಿಲ್ಲ ಕಣ್ರವ್ವ, ನೀವೋಗ್ಬನ್ನಿ," ಎಂದು ಸಿದ್ದಮ್ಮ ಟೆಂಪೋದ ಕಿಟಕಿ ಪಕ್ಕದಲ್ಲೇ ಕೂತುಬಿಟ್ಟಳು.

"ಮೊಮ್ಮಗ್ಳು ಕೆಲ್ಸ ಮಾಡೋ ಜಾಗ. ಇಲ್ಲೀಗಂಟ ಬಂದು ನೋಡ್ದೆ ಓಯ್ತೀಯ?" ಮಹಿಳಾ ಸಂಘದ ಲಕ್ಷ್ಮಿದೇವಮ್ಮ ಕೈ ಹಿಡಿದು ಎಳೆದಳು.

"ಮಂಡಿ ನೋವು."

ಬೆಳಗ್ಗೆ ಮಾಗಡಿಯಲ್ಲಿ ರಂಗನಾಥಸ್ವಾಮಿ ಗುಡಿ ಸುತ್ತುವಾಗ, ಕೆಂಪೇಗೌಡರ ಕೋಟೆ ನೋಡುವಾಗ ಇಲ್ಲದ ಮಂಡಿನೋವು ಈಗೆಲ್ಲಿಂದ ಬಂತೆಂದು ಲಕ್ಷ್ಮಿದೇವಮ್ಮ ಕೇಳಲಿಲ್ಲ. ಬೈರಾಪಟ್ಟಣದ ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡು ಇಳಿದು ಪಟೇಲರ ದೊಡ್ಡಮನೆಯ ಹೆಬ್ಬಾಗಿಲು ದಾಟಿದರು.

ಸಿದ್ದಮ್ಮನಿಗೆ ಈ ಮನೆ ಹೊಸದಲ್ಲ. ಪಕ್ಕದ ಹಟ್ಟಿಯೇ ಅವಳ ತವರು. ಅವಳಪ್ಪ ಪಟೇಲರ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿಮಂದೆ ತರುಬುತ್ತಿದ್ದ. ಮದುವೆಯಾಗಿ ಬೈರಾಪಟ್ಟಣ ಸೇರುವ ತನಕ ಅವಳೂ ಅವ್ವನ ಜೊತೆ ಇಲ್ಲಿಯ ಹಿತ್ತಿಲು ಗುಡಿಸಿದ್ದಳು, ಕೊಟ್ಟಿಗೆ ಬಾಚಿದ್ದಳು. ಈಗ ಪಟೇಲರ ಮೊಮ್ಮಗ ಜಯಕುಮಾರ್ ಹಾಳು ಬಿದ್ದಿದ್ದ ಮನೆಯನ್ನು ಎತ್ತಿ ನಿಲ್ಲಿಸಿ, ನೋಡಬಂದವರಿಗೆಲ್ಲ ತೆರೆದಿದ್ದ. ರಾಮನಗರದ ಕಾಲೇಜಿನಲ್ಲಿ ಇತಿಹಾಸ ಓದಿದ ಮೊಮ್ಮಗಳು ಧನುಶ್ರೀಗೆ ಅಲ್ಲೇ ಕೆಲಸ ಸಿಕ್ಕಿತು. ಅಂದು ಬೈರಾಪಟ್ಟಣದ ಮನೆಯಲ್ಲಿ ದೊಡ್ಡ ಜಗಳವಾಗಿತ್ತು.

"ಆ ಮನೆ ಊಳಿಗ ನಮ್ಮವ್ವನ್ಗೂ ನಂಗೂ ಸಾಕಾಗೈತೆ. ನೀನೂ ಅಲ್ಲೇ ಓಗ್ಬೇಕಾ?"

"ಊಳಿಗ ಅಲ್ಲಜ್ಜಿ, ಗೈಡ್."

"ಯೆಸ್ರು ಬದ್ಲಾದ್ರೆ ಕಸ ಬದ್ಲಾಯ್ತದಾ?"

ಹುಡುಗಿ ಬಟ್ಟೆ ಕಟ್ಟಿಕೊಂಡು ಬಂದು ಸಿದ್ದಮ್ಮನ ತಮ್ಮನ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಸೇರಿದಳು. ಯುಗಾದಿಗೆ ಊರಿಗೆ ಬಂದಾಗಲೂ ಅಜ್ಜಿ ಮೊಮ್ಮಗಳ ನಡುವೆ ಮಾತಿರಲಿಲ್ಲ.

ಡ್ರೈವರ್ ಸಾಬೀರ್ ಹುಣಸೆಮರದಡಿ ಟೆಂಪೋ ನಿಲ್ಲಿಸಿ ಟೀ ಕುಡಿಯಲು ಹೋದ. ಒಳಗೆ ಸೆಕೆ ಏರತೊಡಗಿತು. ಅಷ್ಟರಲ್ಲಿ ಮನೆಯೊಳಗಿನಿಂದ ಒಂದು ಹೆಣ್ಣುದನಿ ಕೇಳಿಸಿತು. ತಡವರಿಕೆಯಿಲ್ಲದ, ಎಲ್ಲರಿಗೂ ಕೇಳಲೆಂದೇ ಎತ್ತಿದ ದನಿ. ತನ್ನ ಧನುವಿನದೇ ಎಂದು ಗೊತ್ತಾಗಲು ಸಿದ್ದಮ್ಮನಿಗೆ ಒಂದು ಗಳಿಗೆ ಬೇಕಾಯಿತು. ಕೆಳಗಿಳಿದಳು. ಕಾಲು ಹೆಬ್ಬಾಗಿಲ ಕಡೆ ಹೋಗದೆ, ತನ್ನಷ್ಟಕ್ಕೆ ತಾನೇ ಗೋಡೆ ಬಳಸಿಕೊಂಡು ಹಿತ್ತಿಲ ಕಡೆಗೆ ಹೋಯಿತು. ಅಲ್ಲಿಂದ ಅಡುಗೆಮನೆ, ಅಡುಗೆಮನೆಯಿಂದ ನಡುಮನೆಯ ಬಾಗಿಲು. ಅದರಾಚೆಗೆ ಅವಳು ಎಂದೂ ಕಾಲಿಟ್ಟಿರಲಿಲ್ಲ. ಬಾಗಿಲ ಮರೆಯಲ್ಲೇ ನಿಂತಳು.

ಬಿಸಿಲು ಬಿದ್ದ ತೊಟ್ಟಿಯಂಗಳದ ಸುತ್ತ ಸಂಘದ ಹೆಂಗಸರು ನಿಂತಿದ್ದರು. ನಡುವೆ ಧನುಶ್ರೀ, ಇಸ್ತ್ರಿ ಮಾಡಿದ ಹಸಿರು ಕಾಟನ್ ಸೀರೆಯಲ್ಲಿ.

"ಈ ಕಂಬಗಳನ್ನು ನೋಡಿ. ಹಲಸಿನ ಮರದವು. ಮನೆ ಕಟ್ಟಿಸಿದವರ ಹೆಸರನ್ನು ಬಾಗಿಲ ಮೇಲೆ ಕೆತ್ತಿದ್ದಾರೆ, ಓದಿದಿರಿ. ಈ ಕಂಬ ಹೊತ್ತು ತಂದವರ ಹೆಸರು, ಇಲ್ಲಿನ ಹೊಲಕ್ಕೆ ಗೊಬ್ಬರವಾಗಲೆಂದು ಚಳಿಯಲ್ಲಿ ಕುರಿಮಂದೆ ಕಾದವರ ಹೆಸರು ಎಲ್ಲೂ ಕೆತ್ತಿಲ್ಲ. ಅವರಿಲ್ಲದೆ ಈ ಮನೆಯಿಲ್ಲ. ಅದಕ್ಕೇ ಬಂದವರಿಗೆಲ್ಲ ನಾನು ಅದನ್ನೂ ಹೇಳುತ್ತೇನೆ."

ಸಿದ್ದಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

ಹೊರಗೆ ಕಾರು ನಿಂತ ಸದ್ದಾಯಿತು. ಜಯಕುಮಾರ್ ನಾಲ್ಕಾರು ಜನ ನೆಂಟರೊಡನೆ ಮಾತಾಡುತ್ತ, ಬೂಟುಗಾಲಲ್ಲೇ ಒಳಗೆ ಬಂದ. ಧನುಶ್ರೀ ಮಾತು ನಿಲ್ಲಿಸಿದಳು.

"ಸಾರ್, ಬೂಟು ಹೊರಗೆ ಬಿಡಿ. ಹಳೇ ಗಾರೆ ನೆಲ, ಗೆರೆ ಬೀಳುತ್ತೆ."

ಸಿದ್ದಮ್ಮ ಬಾಗಿಲ ಮರೆಗೆ ಇನ್ನಷ್ಟು ಸರಿದಳು. ಅವಳಪ್ಪ ಈ ಮನೆಯ ಮುಂದೆ ಹಾಯುವಾಗ, ಜಗಲಿಯಲ್ಲಿ ಯಾರೂ ಇಲ್ಲದಿದ್ದರೂ, ಮೆಟ್ಟು ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಮಗ್ಗುಲಲ್ಲಿ ಮಗಳು ನೋಡುತ್ತಿದ್ದಾಳೆಂದು ಆಗ ಅವನು ತಲೆಯೆತ್ತುತ್ತಿರಲಿಲ್ಲ.

ಜಯಕುಮಾರ್ ತನ್ನ ಕಾಲು ನೋಡಿಕೊಂಡ. ನೆಂಟರಲ್ಲೊಬ್ಬ ನಕ್ಕು, "ನಿಮ್ಮನೇಲಿ ನಿಮಗೇ ರೂಲ್ಸಾ?" ಎಂದ.

"ಒಳಗೆ ಬಂದ ಮೇಲೆ ಅವರು ಹೇಳಿದ್ದೇ ರೂಲ್ಸು," ಎಂದ ಜಯಕುಮಾರ್. "ಸಾರಿ ಮೇಡಂ, ಮರೆತೆ." ಹೊರಗೆ ಹೋಗಿ, ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ. ನೆಂಟರೂ ಬಗ್ಗಿದರು.

ಧನುಶ್ರೀ ಅತ್ತ ನೋಡುತ್ತ ನಿಲ್ಲಲಿಲ್ಲ. "ಬನ್ನಿ, ಉಪ್ಪರಿಗೆಗೆ ಹೋಗೋಣ," ಎಂದು ತಿರುಗಿದಾಗಲೇ ಬಾಗಿಲಲ್ಲಿ ಅಜ್ಜಿ ಕಂಡಳು. ಗೈಡಿನ ದನಿ ಎಲ್ಲಿ ಹೋಯಿತೋ.

"ಅಜ್ಜೀ... ಯಾವಾಗ್ ಬಂದೆ?"

"ನೀನ್ ಓಗವ್ವ, ಜನ ಕಾಯ್ತಾವ್ರೆ," ಎಂದಳು ಸಿದ್ದಮ್ಮ. ಆಮೇಲೆ ಪಕ್ಕದಲ್ಲಿದ್ದ ಲಕ್ಷ್ಮಿದೇವಮ್ಮನಿಗೆ, ಅವಳಿಗೆ ಗೊತ್ತಿಲ್ಲವೇನೋ ಎಂಬಂತೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಮ್ಮುಡ್ಗಿ. ನನ್ ಮಗನ್ ಮಗ್ಳು."

ಉಪ್ಪರಿಗೆ ನೋಡಿಯಾಯಿತು. ಎಲ್ಲರೂ ಟೆಂಪೋ ಹತ್ತಿದರು. ಸಾಬೀರ್ ಎಂಜಿನ್ ಚಾಲೂ ಮಾಡಿ, "ಬೇಗ ಬನ್ನಿ ಅಜ್ಜಿ, ಸಾವನದುರ್ಗದಲ್ಲಿ ಗುಡಿ ಬಾಗ್ಲು ಆಕ್ಬುಡ್ತಾರೆ," ಎಂದು ಕೂಗಿದ.

ಸಿದ್ದಮ್ಮ ಹತ್ತಲಿಲ್ಲ. ಹೆಬ್ಬಾಗಿಲ ಮೆಟ್ಟಿಲ ಮೇಲೆ ಮೊಮ್ಮಗಳ ಎದುರು ನಿಂತಿದ್ದಳು.

"ನಾನ್ ತಡವಾಗಿ ಬಂದೆ ಕಣವ್ವ. ಮೊದ್ಲು ಏನ್ ಯೇಳ್ದೆ ಅಂತ ಕೇಳಿಸ್ಕಳ್ಳಿಲ್ಲ. ಇನ್ನೊಂದ್ ಕಿತ ಯೇಳೀಯ?"

ಧನುಶ್ರೀ ಸೆರಗಿನಿಂದ ಮುಖ ಒರೆಸಿಕೊಂಡು, ನೆಟ್ಟಗೆ ನಿಂತು, ಬಂದವರಿಗೆಲ್ಲ ಹೇಳುವ ಅದೇ ದನಿಯಲ್ಲಿ ಶುರು ಮಾಡಿದಳು: "ನಮಸ್ಕಾರ. ದೊಡ್ಡಮನೆಗೆ ಸ್ವಾಗತ. ನನ್ನ ಹೆಸರು ಧನುಶ್ರೀ."

ಟೆಂಪೋದಿಂದ ಮೊದಲು ಲಕ್ಷ್ಮಿದೇವಮ್ಮ ಇಳಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಸಾಬೀರ್ ಒಮ್ಮೆ ಅವರತ್ತ, ಒಮ್ಮೆ ದುರ್ಗದ ಬಂಡೆಯತ್ತ ನೋಡಿ ಎಂಜಿನ್ ಆರಿಸಿದ.