ನನ್ನನ್ನು ಕಾಯಪ್ಪಾ

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಆಮೆನ್ ಅಕ್ಕ ಎಂದು. ಹನ್ನೊಂದು ವರ್ಷದಿಂದ ಅಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಅವಳ ಪಾಲಿನ ಇಸ್ತ್ರಿ ಪೆಟ್ಟಿಗೆ ಹಳೆಯ ಕಾಲದ್ದು. ಕಾದ ಮೇಲೆ ತಾನಾಗಿ ನಿಲ್ಲುವ ಬುದ್ಧಿ ಅದಕ್ಕಿರಲಿಲ್ಲ. ಬೇರೆಯವರಾಗಿದ್ದರೆ ನೀರು ಚಿಮುಕಿಸಿ, ಚುಂಯ್ ಅನ್ನುತ್ತದೋ ಇಲ್ಲವೋ ನೋಡುತ್ತಿದ್ದರು. ಇವಳು ಸ್ವಿಚ್ ಹಾಕಿ, ಕಣ್ಣು ಮುಚ್ಚಿ, ಪ್ರಾರ್ಥನೆಗೆ ನಿಲ್ಲುತ್ತಿದ್ದಳು. ಗಂಡ, ಮಗಳು, ಅತ್ತೆ, ಅತ್ತೆಯ ಮೊಣಕಾಲು ನೋವು, ಕೊನೆಗೆ "ಈ ದಿನವೆಲ್ಲ ನನ್ನನ್ನು ಕಾಯಪ್ಪಾ ತಂದೆ, ಆಮೆನ್." ಕಣ್ಣು ಬಿಟ್ಟರೆ ಪೆಟ್ಟಿಗೆ ಹದವಾಗಿ ಕಾದಿರುತ್ತಿತ್ತು. ಒಂದು ದಿನವೂ ತಪ್ಪಿದ್ದಿಲ್ಲ. ಮಾಲೀಕರಂತೂ ಗಡಿಯಾರ ನೋಡುವುದನ್ನೇ ಬಿಟ್ಟು, ಒಳಗೆ ಇಣುಕಿ, "ಆಮೆನ್ ಆಯ್ತೇನಮ್ಮಾ?" ಎಂದು ಕೇಳುತ್ತಿದ್ದರು.

ಆ ದಿನ ಬೆಳಿಗ್ಗೆ ಮನೆಯಲ್ಲೇ ಎಡವಟ್ಟಾಯಿತು. ಅಲ್ಲೂ ಒಂದು ಸುತ್ತು ಪ್ರಾರ್ಥನೆ ಮಾಡಿಯೇ ಹೊರಡುವವಳು ಅವಳು. ಗಂಡ ಬಸ್ಸಿನ ಡ್ರೈವರ್, ಒಂದು ನಿಮಿಷ ಆಚೀಚೆ ಆಗುವಂತಿಲ್ಲ. ಹೊಸ್ತಿಲಲ್ಲಿ ನಿಂತು ನಿಂತು ಸಾಕಾಗಿ ಅವನೆಂದ: "ಕಾಯಪ್ಪಾ ಕಾಯಪ್ಪಾ ಅಂತೀಯಲ್ಲೇ, ನಿನ್ನನ್ನ ಕಾಯೋದು ನನ್ನ ಕೈಲೇ ಆಗಲ್ಲ. ಇನ್ನು ದೇವರು ಕಾಯ್ತಾನಾ?"

ತಮಾಷೆಗೆ ಅಂದದ್ದು. ಅವಳಿಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಅವನ ಅಮ್ಮನಿಂದ ಹಿಡಿದು ಅವನ ಗೊರಕೆಯವರೆಗೆ ಒಂದನ್ನೂ ಬಿಡದೆ ಆಡಿ ಮುಗಿಸಿದಳು. ಅವನು ಮುಖ ಸಣ್ಣದು ಮಾಡಿಕೊಂಡು ಹೋದ. ಆಮೆನ್ ಅಂದು ಎರಡು ನಿಮಿಷವೂ ಆಗಿರಲಿಲ್ಲ. ದಾರಿಯುದ್ದಕ್ಕೂ ಅವಳಿಗೆ ತನ್ನ ಮೇಲೆ ತನಗೇ ಬೇಸರ.

ಹಾಗಾಗಿ ಲಾಂಡ್ರಿಯಲ್ಲಿ ಸ್ವಿಚ್ ಹಾಕಿದವಳು ಎಂದಿನ ಪಟ್ಟಿಗೆ ಇನ್ನಷ್ಟು ಸೇರಿಸಿದಳು. ನಾಲಿಗೆ ಹಿಡಿತಕ್ಕೆ ಬರಲಿ, ಮನಸ್ಸಿಗೆ ಬಲ ಕೊಡು, ಇವತ್ತು ಮತ್ತೆ ಬೀಳದ ಹಾಗೆ ನೋಡಿಕೋ. ಬೇಡುತ್ತಾ ಬೇಡುತ್ತಾ ಅಳುವೂ ಬಂತು. ಆಮೆನ್ ಅಂದವಳೇ ಮೂಗು ಒರೆಸಿಕೊಂಡು, ಪೆಟ್ಟಿಗೆ ಎತ್ತಿ, ಕೆನೆ ಬಣ್ಣದ ರೇಷ್ಮೆ ಅಂಗಿಯ ಮೇಲೆ ಇಟ್ಟಳು. ಪ್ರಾರ್ಥನೆ ಉದ್ದವಾದಷ್ಟೂ ಪೆಟ್ಟಿಗೆ ಕಾಯುತ್ತದೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ವಾಸನೆ ಬರುವಷ್ಟರಲ್ಲಿ ಅಂಗಿಯ ಬೆನ್ನಿಗೆ ಕಂದು ಅಚ್ಚು ಬಿದ್ದಾಗಿತ್ತು.

ಪಕ್ಕದ ಮೇಜಿನವಳು ಹ್ಯಾಂಗರ್ ತರಲು ಹೋಗಿದ್ದಳು. ಎರಡು ಮಕ್ಕಳ ತಾಯಿ, ಕೆಲಸಕ್ಕೆ ಸೇರಿ ತಿಂಗಳಾಗಿತ್ತು. ಬಾಯಿ ಮುಚ್ಚದವಳು ಎಂದು ಎಲ್ಲರೂ ರೇಡಿಯೊ ಎನ್ನುತ್ತಿದ್ದರು. ಆಮೆನ್ ಅಕ್ಕನ ಕೈ ಆ ಅಂಗಿಯನ್ನು ಎತ್ತಿ ರೇಡಿಯೊಳ ರಾಶಿಯ ಮೇಲೆ ಹಾಕಿತು. ಯಾಕೆ ಎಂದು ಕೇಳಿದ್ದರೆ ಗೊತ್ತಿಲ್ಲ ಅನ್ನುತ್ತಿದ್ದಳು. ಗೊತ್ತಿತ್ತು.

ವಾಸನೆ ಹಿಡಿದು ಮಾಲೀಕರು ಒಳಗೆ ಬಂದರು. ಹಿಂದೆಯೇ ಹ್ಯಾಂಗರ್ ಹೊತ್ತು ರೇಡಿಯೊ ಬಂದಳು. ಅವಳ ರಾಶಿಯ ಮೇಲಿದ್ದ ಅಂಗಿ ಮಾಲೀಕರ ಕಣ್ಣಿಗೆ ಬಿತ್ತು.

"ಮತ್ತೆ ಸುಟ್ಟೆಯಾ? ಹೋದ ವಾರ ಮೇಜುಬಟ್ಟೆ, ಈಗ ಇದು. ಇನ್ನೊಂದು ಸುಟ್ಟರೆ ಮನೆಗೆ ಅಂದಿದ್ದೆ ತಾನೇ?"

ರೇಡಿಯೊ ಹ್ಯಾಂಗರ್ ಕೆಳಗಿಟ್ಟು ಅಂಗಿಯನ್ನು ತಿರುಗಿಸಿ ನೋಡಿದಳು. "ಇದನ್ನ ಮುಟ್ಟಿದ ನೆನಪಿಲ್ಲ ಸರ್," ಎಂದಳು. ಮತ್ತೆ ಸಣ್ಣ ದನಿಯಲ್ಲಿ, "ಮುಟ್ಟಿದ್ನೇನೋ."

"ಇನ್ಯಾರು ಮತ್ತೆ, ಆಮೆನ್ ಅಕ್ಕನಾ? ಪ್ರಾರ್ಥನೆ ಮಾಡೋ ಕೈ ಕಣಮ್ಮ ಅದು."

ನೋಡಿ, ರಕ್ಷಣೆ ಬೇಡಿದವಳಿಗೆ ರಕ್ಷಣೆ ಕಾಲಬುಡಕ್ಕೇ ಬಂದಿತ್ತು. ಸುಮ್ಮನಿದ್ದರೆ ಸಾಕು, ಕೆಲಸ ಉಳಿಯುತ್ತದೆ, ಹೆಸರೂ ಉಳಿಯುತ್ತದೆ. ಇದೇ ದೇವರ ಉತ್ತರವಿರಬಹುದೇ ಎಂದು ಒಂದು ಗಳಿಗೆ ಯೋಚಿಸಿದಳು ಕೂಡ. ಮನುಷ್ಯರು ಅಷ್ಟು ದೂರ ಹೋಗಬಲ್ಲರು.

ಮೇಜಿನ ಮೇಲೆ ಪೆಟ್ಟಿಗೆ ಇನ್ನೂ ಕಾಯುತ್ತಿತ್ತು. ಗಂಡನ ಮಾತು ನೆನಪಾಯಿತು. ಇಷ್ಟು ವರ್ಷ ಕಾಯಪ್ಪಾ ಅಂದಾಗಲೆಲ್ಲ ಅವಳ ಮನಸ್ಸಿನಲ್ಲಿದ್ದದ್ದು ಗೋಡೆ, ಬಾಗಿಲು, ಚಿಲಕ. ಈಗ ಅದೇ ಮಾತು ಮಗ್ಗುಲು ಬದಲಿಸಿತು. ದೇವರು ಕಾಯುತ್ತಿದ್ದಾನೆ, ಬೆಳಿಗ್ಗೆ ಹೊಸ್ತಿಲಲ್ಲಿ ನಿಂತಿದ್ದ ಗಂಡನ ಹಾಗೆ, ಅವಳು ಹೊರಗೆ ಬರಲಿ ಎಂದು. ಅವಳಿಗೆ ತುಂಬ ನಾಚಿಕೆಯಾಯಿತು.

ಸ್ವಿಚ್ ಆರಿಸಿದಳು.

"ಸುಟ್ಟಿದ್ದು ನಾನು ಸರ್. ಅವಳ ರಾಶಿಗೆ ಹಾಕಿದ್ದೂ ನಾನೇ."

"ನೀನಾ? ಹೇಗೆ?"

"ಪ್ರಾರ್ಥನೆ ಉದ್ದ ಆಯ್ತು."

ನಗಬೇಕೋ ಬೈಯಬೇಕೋ ಮಾಲೀಕರಿಗೆ ತಿಳಿಯಲಿಲ್ಲ. "ಸಂಜೆ ಅಂಗಿಯವರು ಬರ್ತಾರೆ, ನೀನೇ ಹೇಳು ಅವರಿಗೆ. ನಿನ್ನ ವಿಷಯ ಆಮೇಲೆ ನೋಡೋಣ," ಎಂದು ಹೊರಟುಹೋದರು.

"ತಪ್ಪಾಯ್ತು ಕಣೇ," ಎಂದಳು ಆಮೆನ್ ಅಕ್ಕ.

ರೇಡಿಯೊ ಒಂದೊಂದೇ ಹ್ಯಾಂಗರ್ ಜೋಡಿಸಿದಳು. ಕೊನೆಯದನ್ನು ಸಿಕ್ಕಿಸಿ ಹೇಳಿದಳು: "ಅಕ್ಕಾ, ನಾನೇ ಸುಟ್ಟಿದ್ದು ಅಂತ ನಂಬಿಬಿಟ್ಟಿದ್ದೆ."

ಆಮೆನ್ ಅಕ್ಕ ಮುಂದಿನ ಅಂಗಿ ಹರಡಿ ಮತ್ತೆ ಸ್ವಿಚ್ ಹಾಕಿದಳು. ಈ ಸಲ ಕಣ್ಣು ಮುಚ್ಚಲಿಲ್ಲ. ರೇಡಿಯೊಳ ಮುಖ ನೋಡುತ್ತಲೇ, "ನನ್ನನ್ನು ಇನ್ನೂ ಸ್ವಲ್ಪ ಹೊತ್ತು ಕಾಯಪ್ಪಾ," ಎಂದಳು. ಆಮೇಲೆ ಬೆರಳು ಅದ್ದಿ, ಪೆಟ್ಟಿಗೆಯ ಮೇಲೆ ನೀರು ಚಿಮುಕಿಸಿದಳು.