ಹೊಗೆಗೆ ಕಟ್ಟಿದ ಬೆಲೆ

ಸಾಗರದ ಪೇಟೆಗೆ ಹೂವಯ್ಯನ ಅಕ್ಕಿ ಗಿರಣಿ ಬಂದದ್ದು ಐವತ್ತೆರಡನೆಯ ಇಸವಿಯಲ್ಲಿ. ಅದರ ಹಿಂಬದಿಗೇ ಶೀಲಾವತಮ್ಮನ ಮನೆ. ಗಂಡ ತೀರಿಕೊಂಡ ಮೇಲೆ ಆಕೆ ಒಬ್ಬಳೇ. ಬೆಳಿಗ್ಗೆ ಗಿರಣಿಯ ಒಲೆ ಹೊತ್ತುವ ಮೊದಲು ಒಂದೂಟ, ಸಂಜೆ ಒಂದೂಟ. ಜೈನರ ಕಟ್ಟಳೆಯಂತೆ, ಹೊತ್ತು ಮುಳುಗಿದರೆ ಬೆಳಗಿನ ತನಕ ಅನ್ನವೂ ಇಲ್ಲ, ನೀರೂ ಇಲ್ಲ. ಗಿರಣಿಯವರು ಹೊಟ್ಟು ಉರಿಸಿ ಭತ್ತ ಬೇಯಿಸುತ್ತಿದ್ದರು. ಆ ಕರಿಬೂದಿ ಹೆಂಚಿನ ಸಂದಿಯಿಂದ ಇಳಿದು ತಟ್ಟೆಗೆ ಬಿದ್ದರೆ ಊಟ ಅಲ್ಲಿಗೇ ಮುಗಿಯಿತು.

ಇದು ಗೊತ್ತಾದಂದಿನಿಂದ ಹೂವಯ್ಯ ಸಂಜೆ ಅರ್ಧ ತಾಸು ಒಲೆಗೆ ಹೊಟ್ಟು ಹಾಕಿಸುತ್ತಿರಲಿಲ್ಲ. ಆಮೇಲೆ ಬೇಲಿಯ ಬಳಿ ಬಂದು ನಿಂತು, "ಊಟ ಆಯ್ತಾ ಅಮ್ಮಾ?" ಎನ್ನುತ್ತಿದ್ದ. ಇಡೀ ದಿನದಲ್ಲಿ ಆಕೆಯನ್ನು ಯಾರಾದರೂ ಕೇಳುತ್ತಿದ್ದ ಮಾತು ಅದೊಂದೇ.

ತಿಂಗಳಿಗೆ ಒಂದೆರಡು ದಿನ ಅವನಿಗೆ ಮರೆತುಹೋಗುತ್ತಿತ್ತು. ಪುರಸಭೆಯ ಮೆಂಬರಾಗಿದ್ದ ಆಕೆಯ ಮೈದುನನ ಮಗ ಪಾರ್ಶ್ವರಾಜ ಅದನ್ನು ಕೇಳಿ, ಅವನ ದಾಕ್ಷಿಣ್ಯಕ್ಕೆ ಯಾಕೆ ಕಾಯಬೇಕು ದೊಡ್ಡಮ್ಮ, ಹೊಗೆಗೇ ತೆರಿಗೆ ಹಾಕೋಣ, ಗಂಟು ಬಿಚ್ಚಬೇಕಾದರೆ ಹೊಗೆ ತಾನಾಗಿ ಇಳಿಯುತ್ತದೆ ಎಂದ. ಆಕೆ ಅರ್ಜಿಗೆ ರುಜು ಹಾಕಿದಳು. ವರ್ಷಕ್ಕೆ ಅರವತ್ತು ರೂಪಾಯಿ ಎಂದು ಠರಾವಾಯಿತು.

ಹೂವಯ್ಯ ಮೊದಲ ದಿನವೇ ಪೂರ್ತಿ ಕಟ್ಟಿ ರಸೀದಿ ತಂದ. ಆ ಸಂಜೆ ಹೊಗೆ ನಿಲ್ಲಲಿಲ್ಲ. ಮಾರನೆಯ ಸಂಜೆಯೂ ನಿಲ್ಲಲಿಲ್ಲ. ನಾಲ್ಕನೆಯ ದಿನ ಆಕೆಯೇ ಬೇಲಿಯ ತನಕ ಹೋಗಿ ಕರೆದಳು.

"ಅರ್ಧ ತಾಸು ನಿಲ್ಲಿಸ್ತಿದ್ಯಲ್ಲ ಹೂವಯ್ಯ."

"ಆಗ ನಿಮ್ಗೆ ತೊಂದ್ರೆ ಕೊಡ್ತಿದೀನಿ ಅಂತ ಮನ್ಸಿಗೆ ಚುಚ್ಚೋದು ಅಮ್ಮಾ. ಈಗ ಅದಕ್ಕೆ ದುಡ್ಡು ಕಟ್ಟಿದೀನಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಆ ಅರ್ಧ ತಾಸಿನ ದುಡಿಮೆಯಲ್ಲೇ ತೆರಿಗೆಯ ದುಡ್ಡು ತಿಂಗಳೊಳಗೆ ಹುಟ್ಟುತ್ತದೆ ಎಂದೂ ಹೇಳಿದ.

ತಿಂಗಳೊಪ್ಪತ್ತು ತಡೆದು ಆಕೆ ಪಾರ್ಶ್ವರಾಜನ ಮನೆಗೆ ನಡೆದಳು. ತೆರಿಗೆ ತೆಗೆಸಪ್ಪಾ ಎಂದಳು. ಆ ಹಣದಲ್ಲೇ ನಿಮ್ಮ ಬೀದಿಗೆ ದೀಪದ ಕಂಬ ಬಂದಿದೆ, ಅದನ್ನು ಕೀಳಿಸಲಿಕ್ಕಾಗುತ್ತದೆಯೆ ಎಂದ. ಹಾಗಾದರೆ ಹೆಚ್ಚಿಸು ಎಂದಳು. ಹೆಚ್ಚಿಸಿದರೆ ಹೂವಯ್ಯ ಗಿರಣಿಯನ್ನೇ ಆನಂದಪುರಕ್ಕೆ ಎತ್ತಿಕೊಂಡು ಹೋಗುತ್ತಾನೆ, ಪುರಸಭೆಗೆ ಅದೂ ಇಲ್ಲ ಇದೂ ಇಲ್ಲ ಎಂದ.

ಆ ಸಂಜೆ ಆಕೆ ತಟ್ಟೆಯ ಮೇಲೆ ಬಾಳೆಲೆ ಮುಚ್ಚಿ ಕೂತಳು. ಎಲೆ ಸರಿಸಿದಾಗೆಲ್ಲ ಬೂದಿ ಉದುರಿತು. ಹೊತ್ತು ಮುಳುಗಿತು. ತಟ್ಟೆಯನ್ನು ಹಸುವಿನ ಬಾನಿಗೆ ಸುರಿದು ಜಗಲಿಗೆ ಬಂದಳು. ಬೀದಿಯ ದೀಪ ಹತ್ತಿತ್ತು. ಬೇಲಿಯ ಬಳಿ ಯಾರೂ ಇಲ್ಲದ್ದು ಆ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತಿತ್ತು.

"ಇಲ್ಲ ಹೂವಯ್ಯ," ಎಂದಳು ಆಕೆ, "ಇವತ್ತು ಆಗ್ಲಿಲ್ಲ."