ಉದ್ದ ತೋಳಿನ ಅಂಗಿ

ನಮ್ಮಮ್ಮನಿಗೆ ನನ್ನ ಕ್ಯಾಮೆರಾ ಕಂಡರೆ ಸವತಿಯನ್ನು ಕಂಡಂತೆ. "ಮದುವೆ ಫೋಟೊ ತೆಗೆಯೋದು ಬಿಟ್ಟು ಚರಂಡಿ, ಜೈಲು ಅಂತ ಅಲೀತೀಯಲ್ಲೇ" ಎನ್ನುವುದು ಅವಳ ನಿತ್ಯದ ಮಂತ್ರ. ಅಂಥವಳು ಒಂದು ದಿನ ತಾನಾಗಿಯೇ "ನಾಳೆ ಕ್ಯಾಮೆರಾ ತಗೊಂಡು ಬಾ" ಎಂದಾಗ ಸೂರ್ಯ ಯಾವ ಕಡೆ ಹುಟ್ಟಿದ್ದಾನೆಂದು ಕಿಟಕಿಯಲ್ಲಿ ಇಣುಕಿದೆ. ಅವಳು ವಾರ ವಾರ ಪ್ರಾರ್ಥನೆಗೆ ಹೋಗುವ ಗುರುಗಳ ಶಾಲೆಗೆ ಕ್ಯಾಲೆಂಡರ್ ಬೇಕಾಗಿತ್ತಂತೆ. ದಾನಿಗಳಿಗೆ ಹಂಚಲು. ಅಮ್ಮ ದರ್ಜಿ. ಅಲ್ಲಿದ್ದು ಓದುವ ಮಕ್ಕಳಿಗೆಲ್ಲ ವರ್ಷ ವರ್ಷ ಅವಳೇ ಅಂಗಿ ಹೊಲಿಯುತ್ತಾಳೆ, ದೇವರ ಕೆಲಸವೆಂದು.

ಮರುದಿನ ಶಾಲೆಯಲ್ಲಿ ಗುರುಗಳು ಒಂದಷ್ಟು ಮಕ್ಕಳ ಕೈಗೆ ಪುಸ್ತಕ ಕೊಟ್ಟು ಸಾಲಾಗಿ ನಿಲ್ಲಿಸಿದರು. ಹಿಂದಿನ ಬೆಂಚುಗಳೆಲ್ಲ ಖಾಲಿ, ಮೇಲೆ ಧೂಳು. "ಇಲ್ಲಿ ಬೆಳಕು ಸರಿಯಿಲ್ಲ, ಬೇರೆ ಜಾಗ ನೋಡ್ತೀನಿ" ಎಂದು ಹೊರಬಿದ್ದೆ. ಬೆಳಕು ಚೆನ್ನಾಗಿಯೇ ಇತ್ತು. ಸರಿಯಿಲ್ಲದ್ದು ಗುರುಗಳ ನಗು.

ಅಡುಗೆಮನೆಯ ಹಿಂದೆ ತಗಡಿನ ಶೆಡ್ಡು. ಬೆಂಚು ಖಾಲಿ ಮಾಡಿದ ಮಕ್ಕಳೆಲ್ಲ ಅಲ್ಲಿದ್ದರು, ಮೇಣದ ಬತ್ತಿ ಮಾಡುತ್ತಾ. ಒಬ್ಬಳು ಹುಡುಗಿ ದಾರಗಳನ್ನು ಇಳಿಬಿಟ್ಟ ಚೌಕಟ್ಟನ್ನು ಕುದಿಯುವ ಮೇಣದ ಕಡಾಯಿಗೆ ಅದ್ದಿ ಎತ್ತುತ್ತಿದ್ದಳು. ಎತ್ತಿದಾಗಲೆಲ್ಲ ಮೇಣ ಸಿಡಿಯುತ್ತಿತ್ತು. ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ್ದಳು. ಕೈತುಂಬ ಸುಟ್ಟ ಕಲೆ, ಹಳೆಯವು ಕಂದು, ಹೊಸವು ಕೆಂಪು.

"ಓದೋದು ಯಾವಾಗ?" ಎಂದೆ.

"ಬತ್ತಿ ಮುಗಿದ ಮೇಲೆ."

"ಮುಗಿಯೋದು ಯಾವಾಗ?"

ಪೆದ್ದಿಯನ್ನು ನೋಡುವಂತೆ ನೋಡಿ ನಕ್ಕಳು. "ಮುಗಿಯಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಕೇಳಿಕೊಂಡೇ ಫೋಟೊ ತೆಗೆದೆ, ಬರೀ ಕೈಗಳದ್ದು. ಮುಖ ಗುರುತಾದರೆ ಪೆಟ್ಟು ಬೀಳುವುದು ಅವರಿಗೇ ಹೊರತು ನನಗಲ್ಲ.

"ಚಿತ್ರ ಚೆನ್ನಾಗಿದೆ" ಎಂದರು ಪತ್ರಿಕೆಯ ಸಂಪಾದಕರು. "ಆದ್ರೆ ಮುಖ ಇಲ್ಲದ ಕೈ ಯಾವ ಕಾರ್ಖಾನೇದಾದ್ರೂ ಆಗಬಹುದಲ್ಲಮ್ಮ. ಇವು ಆ ಶಾಲೆ ಮಕ್ಕಳೇ ಅಂತ ಒಳಗಿನವರು ಯಾರಾದ್ರೂ ಹೇಳಬೇಕು." ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಗಾದೆ ಕಟ್ಟಿದ ಪುಣ್ಯಾತ್ಮ ಸಂಪಾದಕರನ್ನು ಕಂಡಿರಲಿಲ್ಲ.

ಒಳಗಿನವರೆಂದರೆ ನನಗೆ ಗೊತ್ತಿದ್ದದ್ದು ಅಮ್ಮ ಒಬ್ಬಳೇ. ಹೊಲಿಗೆ ಮಿಷಿನ್ನಿನ ಮೇಲೆ ಚಿತ್ರಗಳನ್ನು ಹರಡಿದೆ.

"ಗುರುಗಳ ಮೇಲೆ ಗೂಬೆ ಕೂರಿಸ್ತೀಯಾ? ಯಾರದ್ದೋ ಕೈ ತೋರಿಸಿ!" ಎಂದು ಅವನ್ನು ಪಕ್ಕಕ್ಕೆ ತಳ್ಳಿದವಳು ಒಂದರ ಮೇಲೆ ಕೈ ಇಟ್ಟು ಹಾಗೇ ನಿಂತಳು. ಕನ್ನಡಕ ಹುಡುಕಿ ಹಾಕಿಕೊಂಡಳು. ಮಡಚಿದ ತೋಳಿನ ತುದಿಯ ಗುಂಡಿ ತೂತನ್ನು ಬೆರಳಿನಿಂದ ಸವರಿದಳು.

"ಈ ಕಾಜ ನಂದು" ಎಂದಳು.

ಆಮೇಲೆ ತನಗೇ ಹೇಳಿಕೊಳ್ಳುವಂತೆ, "ಅಳತೆಗಿಂತ ನಾಲ್ಕು ಬೆರಳು ಉದ್ದ ಇಡಿ, ಮೈ ಮುಚ್ಚಿದ್ರೇನೇ ಸಂಸ್ಕಾರ ಅಂತಿದ್ರು ಗುರುಗಳು. ಮಕ್ಕಳು ಬೆಳೀತಾವಲ್ಲ, ಒಳ್ಳೇದೇ ಆಯ್ತು ಅಂದ್ಕೊಂಡೆ. ಇದನ್ನೆಲ್ಲ ಮುಚ್ಚಿದ್ದು ನಾನೇ ಕಣೇ."

ಅಮ್ಮ ಅತ್ತಳು. ಅವಳ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

"ನೀನು ಹೂಂ ಅಂದ್ರೆ ಪತ್ರಿಕೇಲಿ ಬರುತ್ತೆ" ಎಂದೆ. "ಆದ್ರೆ ನಿನ್ನ ಪ್ರಾರ್ಥನೆ ಗೆಳತಿಯರು ಮತ್ತೆ ನಿನ್ನ ಮುಖ ನೋಡಲ್ಲ. ಯೋಚನೆ ಮಾಡು."

"ಮೂಲೇಲಿ ಕೂತು ಹೂಂ ಅನ್ನೋದೇನು, ಅವರ ಎದುರೇ ಅಂತೀನಿ."

ವಾರದ ಸಭೆ ಕಿಕ್ಕಿರಿದಿತ್ತು. ಮಕ್ಕಳು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಗುರುಗಳು ಶಿಸ್ತಿನ ಬಗ್ಗೆ ಮಾತಾಡಿ ಮುಗಿಸುವುದಕ್ಕೂ ಅಮ್ಮ ಎದ್ದು ನಿಲ್ಲುವುದಕ್ಕೂ ಸರಿಹೋಯಿತು.

"ಗುರುಗಳೇ, ಮಕ್ಕಳ ಅಂಗಿ ತೋಳು ಉದ್ದ ಆಗಿದೆ. ಸ್ವಲ್ಪ ಮಡಚಿಸಿ, ನೋಡ್ತೀನಿ."

"ಆಮೇಲೆ ನೋಡೋಣ ತಾಯಿ."

"ಹೊಲಿದವಳು ನಾನು. ಈಗಲೇ ನೋಡಬೇಕು."

ನಡೆದುಹೋಗಿ, ನಾನು ಕಣ್ಣಲ್ಲೇ ತೋರಿಸಿದ ಆ ಕಡಾಯಿಯ ಹುಡುಗಿಯ ಮುಂದೆ ಮಂಡಿಯೂರಿದಳು. ಮುಟ್ಟಲಿಲ್ಲ. "ಮಡಚಲಾ, ಮಗಳೇ?" ಎಂದು ಕೇಳಿದಳು. ಹುಡುಗಿ ಗುರುಗಳ ಕಡೆ ನೋಡಿದಳು, ಅಮ್ಮನ ಕಡೆ ನೋಡಿದಳು, ತಾನೇ ಗುಂಡಿ ಬಿಚ್ಚಿದಳು. ಪಕ್ಕದವನೂ ಬಿಚ್ಚಿದ. ಸಾಲಿಗೆ ಸಾಲೇ ತೋಳೇರಿಸಿತು. ಹೆಂಗಸರು ಎದ್ದು ಬಂದು ಒಂದೊಂದೇ ಕೈ ಹಿಡಿದು ನೋಡತೊಡಗಿದರು. "ಪ್ರಾರ್ಥನೆ ಶುರುಮಾಡಿ!" ಎಂದು ಗುರುಗಳು ಕೂಗಿದರು. ಒಬ್ಬರೂ ಬಾಯಿ ತೆರೆಯಲಿಲ್ಲ.

ಅಮ್ಮ ನನ್ನತ್ತ ತಿರುಗಿದಳು. "ಏನೇ ಕಂಬದ ಹಾಗೆ ನಿಂತಿದೀಯ? ತೆಗಿ!"

ಬಗ್ಗಿ ಕೈಗಳ ಫೋಟೊ ತೆಗೆಯುತ್ತಿದ್ದೆ. ಹುಡುಗಿ ಕೇಳಿದಳು, "ಬರೀ ಕೈ ಯಾಕೆ? ನನ್ನ ಮುಖಾನೂ ತೆಗೀರಿ."

"ಬೇಡ ಪುಟ್ಟಿ, ನಾಳೆ ನಿನಗೇ ತೊಂದ್ರೆ."

"ಮುಖ ಮುಚ್ಕೊಳ್ಳೋಕೆ ನಾನೇನು ತಪ್ಪು ಮಾಡಿದೀನಿ?"

ತೆಗೆದೆ. ಪತ್ರಿಕೆಗೆ ಕೈಗಳು ಹೋದವು, ಶೆಡ್ಡಿಗೆ ಸರ್ಕಾರದ ಬೀಗ ಬಿತ್ತು. ಆ ಮುಖವನ್ನು ಮಾತ್ರ ಯಾರಿಗೂ ಕೊಡದೆ, ಎಷ್ಟೋ ವರ್ಷಗಳ ಮೇಲೆ ಅವಳನ್ನು ಕರೆದೊಯ್ಯಲು ದೂರದಿಂದ ಬಂದ ಅವಳ ಅಪ್ಪನ ಕೈಗಿಟ್ಟೆ. ಅವನು ಬಹಳ ಹೊತ್ತು ಚಿತ್ರವನ್ನೇ ನೋಡಿ, "ನಮ್ಮ ಹುಡುಗಿ ಇಷ್ಟು ದೊಡ್ಡವಳಾಗಿದಾಳಾ?" ಎಂದು ಕೇಳಿದ. ಅವಳು ಅವನ ಪಕ್ಕದಲ್ಲೇ ನಿಂತಿದ್ದಳು.